ಅವ್ವಗ ಬರೆದ ಪತ್ರ

ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು “ಯಾರ್ರೀ ಇಳಕಲ್ಲ, ಲಗೂನ ಹತ್ತರ್ರಿ” ಎಂದು ಕೂಗಿದ್ದಕ್ಕೇ ಕಲ್ಲೇಶನಿಗೆ ಸಿಟ್ಟು ಬಂದುಬಿಟ್ಟಿತು. ಸಿಟ್ಟು ಬರುವಂಥದ್ದು ಆ ಮಾತಿನಲ್ಲಿ ಏನೂ ಇರಲಿಲ್ಲ. ಬೇಗ ಎನ್ನಲು ಲಗೂನ ಅಂದ, ಹತ್ತರ್ರಿ ಅಂದ, ಜನ ತಿಳಿದುಕೊಂಡು ಹತ್ತಿದರು, ಅಷ್ಟೇ. ಆದರೆ ಆ ಲಗೂನ ಎಂಬ ಮಾತಿನ ಕೆಳಗೆ ಯಾರೂ ಕೆಂಪು ಗೆರೆ ಎಳೆಯಲಿಲ್ಲವಲ್ಲ, ಇವನು ದಿನವಿಡೀ ಇದೇ ಕನ್ನಡ ಕೂಗಿಯೂ ಸಂಜೆ ಉಂಡು ನೆಮ್ಮದಿಯಿಂದ ಮಲಗುತ್ತಾನಲ್ಲ, ಹದಿನಾರು ವರ್ಷದ ಒಂದು ಹುಡುಗಿ ಮಾತ್ರ ಅದನ್ನೇ ಬರೆದು ನಪಾಸಾಗಬೇಕೇ ಎಂದು ಅವನ ಮೈ ಉರಿಯಿತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೇ ತಿಂಗಳ ಬಿಸಿಲಿಗೆ ಸೀಟಿನ ರೆಕ್ಸಿನ್ನು ಕಾದ ಹಂಚಾಗಿತ್ತು. ತೊಡೆಯ ಮೇಲಿನ ಚೀಲದಲ್ಲಿ ಭಾಗ್ಯಜ್ಯೋತಿಯ ಹತ್ತನೆಯ ತರಗತಿಯ ಕನ್ನಡ ಉತ್ತರಪತ್ರಿಕೆಯ ನಕಲು ಇತ್ತು. ಎರಡನೆಯ ಸಲದ ಪರೀಕ್ಷೆಗೆ ಅವಳು ಸಹಿ ಮಾಡಬೇಕಾದ ಅರ್ಜಿ ಇತ್ತು. ಅಡಿಯಲ್ಲಿ, ಯಾರಿಗೂ ಕಾಣದಂತೆ ಟವೆಲಿನಲ್ಲಿ ಸುತ್ತಿಟ್ಟ ಒಂದು ತೆಳ್ಳನೆಯ ಪುಸ್ತಕವೂ ಇತ್ತು. ಅರ್ಜಿ ಸಂಜೆ ಐದರೊಳಗೆ ಶಾಲೆಗೆ ಮುಟ್ಟಬೇಕು. ಮುಟ್ಟದಿದ್ದರೆ ಹುಡುಗಿ ಮನೆಯಲ್ಲಿ ಕೂಡಬೇಕು. ಹಾಗೆ ಕೂತ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ಅವನು ತನ್ನ ಹನ್ನೆರಡು ವರ್ಷದ ನೌಕರಿಯಲ್ಲಿ ಒಂದು ಸಲವೂ ಕಂಡಿರಲಿಲ್ಲ.

ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕಿತ್ತು. ಗಣಿತದಲ್ಲಿ ನಲವತ್ತೆರಡು, ವಿಜ್ಞಾನದಲ್ಲಿ ನಲವತ್ತು, ಇಂಗ್ಲಿಷಿನಲ್ಲಿ ಕೂಡ ಮೂವತ್ತೆಂಟು ತೆಗೆದವಳು ಕನ್ನಡದಲ್ಲಿ ಹೋದಳು. ಫಲಿತಾಂಶದ ದಿನ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಮೊದಲು ನಕ್ಕರು, ಎಲ್ಲೋ ಕಂಪ್ಯೂಟರು ತಪ್ಪಿರಬೇಕು ಅಂದರು. ಆಮೇಲೆ ಕನ್ನಡ ಕಲಿಸುವ ಕಲ್ಲೇಶನ ಮುಖ ನೋಡಿ ಒಬ್ಬೊಬ್ಬರಾಗಿ ಎದ್ದು ಹೋದರು. ಶಾಲೆಯಿಂದ ಮೂವತ್ನಾಲ್ಕು ಮಕ್ಕಳು ಕೂತಿದ್ದರು, ಮೂವತ್ಮೂರು ಪಾಸು. ಮುಖ್ಯೋಪಾಧ್ಯಾಯ ಕೃಷ್ಣಾಜಿಯವರು ಮೊದಲೇ ಶೇಕಡಾ ನೂರು ಎಂದು ದೊಡ್ಡಕ್ಷರದಲ್ಲಿ ಬರೆಸಿ ಮೂವತ್ನಾಲ್ಕೂ ಮಕ್ಕಳ ಫೋಟೋ ಹಾಕಿಸಿದ್ದ ಬ್ಯಾನರು ಅವತ್ತೇ ಬಾಗಲಕೋಟೆಯಿಂದ ಬಂದಿತ್ತು. ಈಗ ಅದು ಸುರುಳಿ ಸುತ್ತಿಕೊಂಡು ಅವರ ಕೋಣೆಯ ಮೂಲೆಯಲ್ಲಿ ನಿಂತಿದೆ. ಕಲ್ಲೇಶ ದಿನಾ ಹಾಜರಿಗೆ ಸಹಿ ಮಾಡಲು ಹೋದಾಗ ಅದರ ತುದಿಯಲ್ಲಿ ಅರ್ಧ ಮುಖವೊಂದು ಕಾಣುತ್ತದೆ. ಅದು ಯಾರ ಮುಖ ಎಂದು ಅವನು ಬಗ್ಗಿ ನೋಡಿಲ್ಲ. ನಿವೃತ್ತಿಗೆ ಎರಡು ವರ್ಷ ಇಟ್ಟುಕೊಂಡ ಕೃಷ್ಣಾಜಿ ಕೆಟ್ಟ ಮನುಷ್ಯರಲ್ಲ, ಕಿರುಚುವವರೂ ಅಲ್ಲ. ಕಿರುಚಿದ್ದರೆ ಕಲ್ಲೇಶನೂ ಕಿರುಚಿ ಹಗುರಾಗುತ್ತಿದ್ದ. ಇವತ್ತು ಬೆಳಿಗ್ಗೆ ಅರ್ಜಿಯನ್ನು ಅವನ ಕೈಗೆ ಕೊಡುತ್ತ ಅವರು ಕನ್ನಡಕ ಒರೆಸಿಕೊಂಡರು, ಆಮೇಲೆ ಮೆಲ್ಲಗೆ ಹೇಳಿದರು.

“ಕಲ್ಲೇಶ ಸರ್ರ, ನೀವು ಆಕಿಗೆ ಮಾತು ಕಲಿಸಿದ್ರಿ, ಖರೆ. ನಾ ಇಲ್ಲ ಅನ್ನೂದಿಲ್ಲ. ಪರೀಕ್ಷಾ ಬರ್ಯಾಕ ಯಾರು ಕಲಸಬೇಕಾಗಿತ್ತು?”

ಬಸ್ಸು ಊರು ದಾಟಿ ಹೆದ್ದಾರಿಗೆ ಬಿತ್ತು. ಆ ಪ್ರಶ್ನೆಗೆ ತಾನು ಕೊಡಬಹುದಾಗಿದ್ದ ಹತ್ತು ಉತ್ತರಗಳು ಈಗ ಒಂದೊಂದಾಗಿ ಅವನಿಗೆ ಹೊಳೆಯತೊಡಗಿದವು, ಎಲ್ಲವೂ ಚುರುಕಾದವು, ಎಲ್ಲವೂ ತಡವಾದವು. ಪರೀಕ್ಷೆ ಬರೆಯಲು ಕಲಿಸುವುದು ಅಂದರೆ ಏನು ಎಂದು ಅವನಿಗೆ ಗೊತ್ತಿಲ್ಲವೇ. ಜನವರಿ ಬಂತೆಂದರೆ ದಡ್ಡ ಮಕ್ಕಳನ್ನೆಲ್ಲ ಬೇರೆ ಕೂರಿಸಿ ಪಾಸಿಂಗ್ ಪ್ಯಾಕೇಜ್ ಎಂಬ ಪುಸ್ತಕ ಹಂಚುತ್ತಾರೆ. ಅದರಲ್ಲಿ ಪಾಸಾಗಲು ಬೇಕಾದಷ್ಟೇ ಉತ್ತರ ಇರುತ್ತವೆ, ಒಂದಕ್ಷರ ಹೆಚ್ಚಿಲ್ಲ. ಅಕ್ಕಿಯ ಪಡಿ ಹಾಕಿದ ಹಾಗೆ ಹಾಕುತ್ತಾರೆ, ಮಕ್ಕಳು ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಾರೆ. ತಂದೆಗೆ ಪತ್ರ ಬರೆಯಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ತೀರ್ಥರೂಪು ತಂದೆಯವರಿಗೆ ನಿಮ್ಮ ಮಗನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ.’ ಪ್ಯಾಕೇಜಿನಲ್ಲಿ ಮಗನು ಎಂದಿದೆಯೆಂದು ಹುಡುಗಿಯರೂ ಮಗನು ಎಂದೇ ಬರೆದು ಬಂದರು. ಪರೀಕ್ಷೆ ಮುಗಿಸಿ ಹೊರಗೆ ಬಂದ ವಿದ್ಯಾ ಎಂಬ ಹುಡುಗಿ ತಾನು ಹಾಗೇ ಬರೆದೆ ಎಂದು ಹೆಮ್ಮೆಯಿಂದ ಹೇಳಿದ್ದಳು. ಅವಳಿಗೆ ನಲವತ್ತೊಂದು. ಅಪ್ಪನ ಮುಂದೆ ಮಗನಾದವಳಿಗೆ ನಲವತ್ತೊಂದು, ಅವ್ವನಿಗೆ ಬರೆದು ಅವಳ ಮುಂದೆ ಮಗಳಾಗಿ ನಿಂತವಳಿಗೆ ಮೂವತ್ತೊಂದು. ಭಾಗ್ಯಜ್ಯೋತಿಯ ಹೆಸರೂ ಆ ಪ್ಯಾಕೇಜಿನ ಪಟ್ಟಿಯಲ್ಲಿ ಇತ್ತು. ಅದನ್ನು ಹೊಡೆದುಹಾಕಿದವನು ಕಲ್ಲೇಶ. ಆಕಿ ಪ್ಯಾಕೇಜಿನ ಹುಡುಗಿ ಅಲ್ರಿ ಸರ್, ಎಂದು ಎಲ್ಲರ ಎದುರಿಗೆ ಹೇಳಿ, ತನ್ನದೇ ಪೆನ್ನಿನಿಂದ, ಎದೆ ಸೆಟೆಸಿ ಹೊಡೆದುಹಾಕಿದ್ದ.

ಎಂಟನೆಯ ತರಗತಿಯ ಇಡೀ ವರ್ಷ ಆ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು. ಮೂಗಿಯಿರಬೇಕು ಎಂದು ಹೊಸದಾಗಿ ಬಂದ ಗಣಿತದ ಮಾಸ್ತರರು ನಂಬಿದ್ದರು. ಒಂಬತ್ತನೆಯದಕ್ಕೆ ಬಂದಾಗ ಕಲ್ಲೇಶ ಕಿವಿವಹಿ ಎಂಬುದನ್ನು ಶುರುಮಾಡಿದ. ಎಲ್ಲರೂ ನೂರು ಹಾಳೆಯ ಒಂದು ವಹಿ ಇಡಬೇಕು. ಮನೆಯಲ್ಲಿ, ಹೊಲದಲ್ಲಿ, ನೀರಿನ ನಲ್ಲಿಯ ಮುಂದೆ ಯಾರು ಏನು ಅಂದರೋ ಅದನ್ನು ಅಂದ ಹಾಗೆಯೇ ದಿನಕ್ಕೊಂದು ಬರೆದು ತರಬೇಕು. ಮನಿ ಎಂದರೆ ಮನಿ, ಮನೆ ಅಲ್ಲ. ತಿದ್ದಿದರೆ ತಪ್ಪು. ಮಕ್ಕಳು ಮೊದಲು ನಂಬಲಿಲ್ಲ, ಆಮೇಲೆ ಹುಚ್ಚೆದ್ದು ಬರೆದರು. ಭಾಗ್ಯಜ್ಯೋತಿ ಮೊದಲ ದಿನ ಬರೆದದ್ದು ಒಂದೇ ಸಾಲು: ‘ಅವ್ವ ಅಂದ್ಲು, ನಿನಗ ಬಾಯಿ ಕೊಟ್ಟು ದೇವರು ಸುಮ್ನ ಹಾಳ ಮಾಡ್ಯಾನ.’ ಅವನು ಅದನ್ನು ಗಟ್ಟಿಯಾಗಿ ಓದಿದ. ಕ್ಲಾಸು ನಕ್ಕಿತು, ಅವಳೂ ನಕ್ಕಳು, ಅವಳ ಹಲ್ಲನ್ನು ಎಲ್ಲರೂ ಮೊದಲ ಸಲ ಕಂಡರು. ಅಲ್ಲಿಂದ ಮುಂದೆ ಅವಳ ವಹಿ ತುಂಬಿ ಇನ್ನೊಂದು ಬಂತು, ಮತ್ತೊಂದು ಬಂತು, ಮಾತೂ ಬಂತು, ಪ್ರಶ್ನೆಯೂ ಬಂತು. ತಾಲೂಕಿನ ಅಧಿಕಾರಿಗಳು ಬಂದು ನೋಡಿ ಹೋದರು. ಜಿಲ್ಲಾ ಪತ್ರಿಕೆಯೊಂದು ಫೋಟೋ ಸಮೇತ ಬರೆಯಿತು, ಮಕ್ಕಳ ಬಾಯಿ ಬಿಡಿಸಿದ ಮಾಸ್ತರ ಎಂದು. ಆ ತುಣುಕನ್ನು ಕಲ್ಲೇಶ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾನೆ. ಈಗ ಅದು ನೆನಪಾಗಿ ಅವನಿಗೆ ಎದುರಿನ ಸೀಟಿನ ಬೆನ್ನಿಗೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು.

ಯಾಕೆಂದರೆ ಕಿವಿವಹಿ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ಅದು ಅವನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಅದು ಹುಟ್ಟಿದ್ದು ಮೈಸೂರಿನ ಒಂದು ತರಬೇತಿಯಲ್ಲಿ, ಫ್ಯಾನು ತಿರುಗುತ್ತಿದ್ದ ಒಂದು ದೊಡ್ಡ ಹಾಲಿನಲ್ಲಿ. ಎಲ್ಲರೂ ಎದ್ದು ಪರಿಚಯ ಹೇಳಿಕೊಳ್ಳುತ್ತಿದ್ದರು. ಶಿರೂರಿನ ರೈತರ ಮನೆಯಿಂದ ಬಂದ ಇವನು ಎದ್ದು, ನಾ ಸಾಲ್ಯಾಗ ಕನ್ನಡ ಹೇಳ್ತೇನ್ರಿ, ಅಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತರಬೇತಿ ಕೊಡಲು ಬಂದವರು ಒಳ್ಳೆಯ ಮನಸ್ಸಿನಿಂದಲೇ, ನಗುನಗುತ್ತಲೇ, “ಹಾಗಾದ್ರೆ ಮೊದಲು ನೀವು ಕನ್ನಡ ಕಲೀರಿ ಮೇಷ್ಟ್ರೇ” ಅಂದರು. ಇಡೀ ಹಾಲೇ ನಕ್ಕಿತು. ಕಲ್ಲೇಶನೂ ನಕ್ಕ. ಅವನು ಮರೆಯಲಾರದೆ ಉಳಿದದ್ದು ಅವರ ನಗುವಲ್ಲ, ತನ್ನದು. ಮಧ್ಯಾಹ್ನದ ಊಟಕ್ಕೆ ಸಾಲಿನಲ್ಲಿ ನಿಂತಾಗ ಬಡಿಸುವವನ ಹತ್ತಿರ ‘ಸ್ವಲ್ಪ ಅನ್ನ ಹಾಕಿ’ ಎಂದು ಹೇಳಿದ, ‘ಜರಾ ಅನ್ನ ಹಾಕ್ರಿ’ ಎಂದು ಬಾಯಿಗೆ ಬಂದದ್ದನ್ನು ನುಂಗಿ. ಆ ಹಾಕಿ ಎಂಬ ಮಾತು ಇವತ್ತಿಗೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇದೆ. ಊರಿಗೆ ಬಂದ ಮರುವರ್ಷವೇ ಕಿವಿವಹಿ. ಮಕ್ಕಳ ಬಾಯಿಂದ ತನ್ನ ಉತ್ತರವನ್ನು ಹೇಳಿಸಿದ. ಅವರು ಬರೆದ ಒಂದೊಂದು ‘ಐತಿ’ಗೂ ಒಂದೊಂದು ‘ಹೋಗ್ತೇನಿ’ಗೂ ಅವನು ಆ ಹಾಲಿನಲ್ಲಿ ಮತ್ತೆ ಎದ್ದು ನಿಂತು, ಈ ಸಲ ನಗದೆ, ಮಾತಾಡಿದ. ತನ್ನ ಜಗಳವನ್ನು ಒಂದು ಹುಡುಗಿಯ ಕೈಗೆ ಕೊಟ್ಟು ಪರೀಕ್ಷೆಯ ಕೋಣೆಗೆ ಕಳಿಸಿದ. ಇದಕ್ಕೆ ಸ್ಫೂರ್ತಿ ಎಂದು ಪೇಪರಿನವರು ಹೆಸರಿಟ್ಟರು.

ಮಾರ್ಚಿನಲ್ಲಿ ಅವಳು ಕೇಳಿದ್ದಳು. ಕೇಳದೆ ಏನೂ ಮಾಡಿರಲಿಲ್ಲ. ಹಾಳಾದದ್ದು ಅದೇ. ಅವತ್ತು ಪೇಪರಿನ ವರದಿಗಾರ ಕ್ಲಾಸಿನಲ್ಲಿ ನಿಂತಿದ್ದ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಭಾಗ್ಯಜ್ಯೋತಿ ಎದ್ದು, ಪರೀಕ್ಷಾದಾಗೂ ಹಿಂಗ ಬರೀಲೇನ್ರಿ ಸರ್, ಅಂದಳು. ಬ್ಯಾಡವ್ವಾ, ಅಲ್ಲಿ ಪುಸ್ತಕದ ಹಂಗ ಬರಿ, ಎನ್ನಲು ಎಷ್ಟು ಹೊತ್ತು ಬೇಕು. ಅವನಿಗೆ ಗೊತ್ತಿತ್ತು, ಆರು ವರ್ಷದಿಂದ ಮೌಲ್ಯಮಾಪನಕ್ಕೆ ಹೋಗುತ್ತಿದ್ದವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು. ಆದರೆ ಮೊಬೈಲು ಅವನ ಕಡೆ ತಿರುಗಿತ್ತು. “ನಿನ್ನ ಮಾತಿಗೆ ನೀನ ಅಂಜಿದ್ರ ಹೆಂಗವಾ? ಬರಿ” ಅಂದ. ವರದಿಗಾರ ಅದನ್ನು ಬರೆದುಕೊಂಡ. ಅವಳೂ ಬರೆದುಕೊಂಡಳು. ಅವಳ ಕಿವಿವಹಿಯ ಕೊನೆಯ ಪುಟದಲ್ಲಿ ಅದು ಇದೆ: ‘ಸರ್ ಅಂದ್ರು, ನಿನ್ನ ಮಾತಿಗೆ ನೀನ ಅಂಜಿದ್ರ ಹೆಂಗವಾ, ಬರಿ.’

ಬಸ್ಸು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳ ಸಾಲು ದಾಟಿತು. ಕೆಂಪು ಕಲ್ಲಿನ ಚಪ್ಪಡಿಗಳು ಬಿಸಿಲಿಗೆ ಮಿಂಚುತ್ತಿದ್ದವು. ಇನ್ನೊಂದು ಸಂಗತಿ ಇತ್ತು. ಅದನ್ನು ಇಷ್ಟು ದಿನ ಎಳೆದು ಹಿಂದಕ್ಕೆ ನೂಕಿದ್ದ. ಅದು ಈಗ ಇಳಿಯುವ ಮೊದಲು ಬಂದು ಎದೆಯ ಮೇಲೆ ಕೂತಿತು. ಏಪ್ರಿಲ್‌ನಲ್ಲಿ, ಅಂದರೆ ಅವಳಿಗೆ ಬರಿ ಎಂದು ಹೇಳಿದ ಮುಂದಿನ ತಿಂಗಳೇ, ಅವನು ಬಾಗಲಕೋಟೆಯ ಮೌಲ್ಯಮಾಪನ ಕೇಂದ್ರದಲ್ಲಿ ಕೂತಿದ್ದ. ಬೇರೆ ಯಾವುದೋ ಜಿಲ್ಲೆಯ ಪತ್ರಿಕೆಗಳು, ಯಾವ ಊರು ಯಾವ ಮಗು ಎಂದು ತಿಳಿಯುವುದಿಲ್ಲ. ಒಂದರಲ್ಲಿ ‘ನಮ್ಮ ಅಳ್ಳಿಗೆ ಓದೆ, ಅಬ್ಬ ಜೋರಾಗಿತ್ತು’ ಎಂದಿತ್ತು. ಹಕಾರ ಎಂಬುದೇ ಆ ಮಗುವಿನ ಬಾಯಲ್ಲಿ ಹುಟ್ಟಿರಲಿಲ್ಲ. ಮೈಸೂರಿನ ಕಡೆಯ ಯಾವುದೋ ಹಳ್ಳಿಯದು. ಕಲ್ಲೇಶನಿಗೆ ಒಳಗಿನಿಂದ ಒಂದು ಖುಷಿ ಎದ್ದಿತು. ಪಕ್ಕದವರಿಗೆ ತೋರಿಸಿದ. ಅಷ್ಟಕ್ಕೆ ನಿಲ್ಲಲಿಲ್ಲ. ಚಹಾ ಬಂದಾಗ ಎದ್ದು ನಿಂತು, ಆ ಮಗುವಿನ ಧಾಟಿಯಲ್ಲಿಯೇ, ಇಡೀ ಟೇಬಲ್ಲಿಗೆ ಓದಿ ತೋರಿಸಿದ. ಶುದ್ಧ ಕನ್ನಡದವರ ಶುದ್ಧ ಕನ್ನಡ ನೋಡ್ರಿ, ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೂತು ಅಳ್ಳಿಯ ಕೆಳಗೆ ಗೆರೆ ಎಳೆದ, ಓದೆಯ ಕೆಳಗೆ ಎಳೆದ, ಅಬ್ಬದ ಕೆಳಗೆ ಎಳೆದ, ಸೊನ್ನೆ ಹಾಕಿದ. ಮೈಸೂರಿನಲ್ಲಿ ನಕ್ಕವರಲ್ಲಿ ಒಬ್ಬರನ್ನೂ ಮುಟ್ಟಲಾಗದವನು ಅವರ ಕಡೆಯ ಯಾವುದೋ ಕೂಲಿಯವರ ಮಗುವಿನ ಮೇಲೆ ತೀರಿಸಿಕೊಂಡ. ಅದೇ ಹೊತ್ತಿಗೆ ಎಲ್ಲೋ ಇನ್ನೊಂದು ಕೇಂದ್ರದಲ್ಲಿ ಇನ್ನೊಬ್ಬ ಮಾಸ್ತರ ಚಹಾದ ಕಪ್ಪು ಹಿಡಿದು ಭಾಗ್ಯಜ್ಯೋತಿಯ ಪತ್ರವನ್ನು ಓದಿ ತೋರಿಸಿರಬೇಕು. ಅವನ ಟೇಬಲ್ಲೂ ನಕ್ಕಿರಬೇಕು. ಆ ಮಾಸ್ತರನನ್ನು ಹಿಡಿದು ಕಪಾಳಕ್ಕೆ ಬಾರಿಸಬೇಕು ಎಂದು ಹತ್ತು ದಿನದಿಂದ ಕುದಿಯುತ್ತಿದ್ದವನಿಗೆ, ಆ ಕಪಾಳ ಯಾರದು ಎಂಬುದು ಮೊದಲ ದಿನವೇ ತಿಳಿದಿತ್ತು.

ಭಾಗ್ಯಜ್ಯೋತಿ ಈಗ ಕೂಲಿಗೆ ಹೋಗುವ ಜಾಫರಸಾಬನ ಮಗ್ಗದ ಮನೆ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಮುದುಕ ನೇಕಾರ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಸದ್ದು ಓಣಿಯ ತಿರುವಿನವರೆಗೂ ಕೇಳುತ್ತಿತ್ತು. ಗೋಡೆಯ ಪಕ್ಕ ಭಾಗ್ಯಜ್ಯೋತಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು, ಅಂದರೆ ಲಾಳಿಯೊಳಗೆ ಇಡುವ ಸಣ್ಣ ನೂಲಿನ ಸುರುಳಿ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲವೆಂದು ಅವಳ ತಾಯಿ ಬಾಳಮ್ಮನೂ ಇಳಕಲ್ಲಿನ ತಂಗಿಯ ಮನೆಗೆ ಬಂದಿದ್ದಳು. ಮಗಳ ಹತ್ತಿರ ಕೂತು ಸಿಕ್ಕಾದ ನೂಲು ಬಿಡಿಸುತ್ತಿದ್ದಳು. ಕಲ್ಲೇಶನನ್ನು ಕಂಡು ಬಾಳಮ್ಮ ಸೆರಗು ಹೊದ್ದು ಎದ್ದು ನಿಂತಳು. ಹುಡುಗಿ ಏಳಲಿಲ್ಲ. ಜಾಫರಸಾಬ ಮಗ್ಗ ನಿಲ್ಲಿಸದೆಯೇ, ನಿಮ್ಮ ಫೋಟೋ ಪೇಪರನ್ಯಾಗ ನೋಡಿದ್ದೆ ಮಾಸ್ತರ, ಅಂದ. ಹೊಗಳಿ ಹೇಳಿದ್ದೇ ಅದು. ಕಲ್ಲೇಶನ ಕಿವಿ ಬಿಸಿಯಾಯಿತು. ನೀರು ಕೊಟ್ಟರು, ಕುಡಿದ. ಎರಡನೆಯ ಪರೀಕ್ಷೆಯ ವಿಷಯ ಹೇಳಿದ, ಇವತ್ತೇ ಕೊನೆಯ ದಿನ ಅಂದ, ಒಂದೇ ವಿಷಯ, ಒಂದೇ ತಿಂಗಳು ಅಂದ. ಬಾಳಮ್ಮ ಪ್ರತಿ ಮಾತಿಗೂ ತಲೆಯಾಡಿಸಿದಳು. ಹುಡುಗಿಯ ರಾಟೆ ತಿರುಗುತ್ತಲೇ ಇತ್ತು. ಕೊನೆಗೆ ಅವನು ಚೀಲದಿಂದ ಉತ್ತರಪತ್ರಿಕೆಯ ನಕಲು ತೆಗೆದ. ಉಳಿದ ಉತ್ತರಗಳಿಗೂ ಅಂಕ ಕತ್ತರಿಸಿದ್ದಾರೆ, ಆದರೆ ಪೂರಾ ಸೊನ್ನೆ ಬಿದ್ದದ್ದು ಪತ್ರಕ್ಕೆ ಮಾತ್ರ, ಅದಕ್ಕೆ ಐದು ಅಂಕ ಇದ್ದವು, ಒಂದೂ ಬಂದಿಲ್ಲ, ನಾಲ್ಕು ಬಂದಿದ್ದರೆ ಪಾಸಾಗಿರುತ್ತಿದ್ದಳು ಎಂದ.

“ಏನ ಬರದಾಳ್ರಿ ಅದರಾಗ?” ಎಂದು ಬಾಳಮ್ಮ ಕೇಳಿದಳು. “ಜರಾ ಓದ್ರಿ. ಆಕಿ ನನ್ನ ಮುಂದ ಹೇಳೂದಿಲ್ಲ.”

ಓದಬಾರದಿತ್ತೋ ಏನೋ. ಆದರೆ ಕೇಳಿದವಳು ಆ ಪತ್ರ ಯಾರಿಗೆ ಬರೆದದ್ದೋ ಅವಳೇ. ಕಲ್ಲೇಶ ಓದತೊಡಗಿದ. ಅದೇ ಮಾತುಗಳನ್ನು ಹತ್ತು ದಿನದಿಂದ ಕಣ್ಣಿನಲ್ಲಿ ಓದಿದ್ದ, ಬಾಯಿಯಿಂದ ಓದಿದ್ದು ಇದೇ ಮೊದಲು.

‘ಅವ್ವಗ, ನಿನ್ನ ಮಗಳು ಬರದದ್ದು. ಸಾಲ್ಯಾಗ ಬಾದಾಮಿಗೆ ಟ್ರಿಪ್ ಹಾಕ್ಯಾರ. ಕಳಸ್ತಿ ಏನ ಅಂತ ಕೇಳಾಕ ಬರ್ಯಾಕತ್ತೇನಿ. ಅಪ್ಪಗ ಬರೀರಿ ಅಂತ ಪ್ರಶ್ನಿಯೊಳಗ ಐತಿ. ಆದ್ರ ಅಪ್ಪ ಈಗ ಯಾವ ಊರಾಗ ಅದಾನ ನಮಗ ಗೊತ್ತಿಲ್ಲ, ಅದಕ್ಕ ನಿನಗ ಬರದೇನಿ. ನಿನಗ ಓದಾಕ ಬರೂದಿಲ್ಲ. ಈ ಪತ್ರ ನಾನ ಮನಿಗೆ ಬಂದು ಓದಿ ಹೇಳಬೇಕು. ಹಂಗಾರ ಬಾಯೀಲೆ ಕೇಳಬಾರದ ಅಂತ ನೀ ಅಂತಿ. ಬಾಯೀಲೆ ಕೇಳಿದ್ರ ನೀ ನಡುವ ಬ್ಯಾಡ ಅಂದು ಬಿಡ್ತಿ. ಬರದು ಓದಿದ್ರ ಮುಗಿಯೂತನಾ ಕೇಳಬೇಕಾಕ್ಕೈತಿ. ಬಾದಾಮಿ ಗುಡ್ಡದಾಗ ಕಲ್ಲಾಗ ಮನಿ ಕೊರದಾರಂತ. ನೀ ಸಣ್ಣಾಕಿ ಇದ್ದಾಗ ಅಲ್ಲೆ ರಸ್ತಾ ಕೆಲಸಕ್ಕ ಹೋಗಿದ್ದಿ, ಮ್ಯಾಲ ಹತ್ತಿ ನೋಡಲಿಲ್ಲ ಅಂದಿದ್ದಿ. ನಾ ಹತ್ತಿ ನೋಡಿ ಬಂದು ಹೇಳ್ತೇನಿ. ದೂರ ಇಲ್ಲ, ಸಂಜಿಮುಂದ ಬರ್ತೇನಿ. ನನ್ನ ದಾರಿ ನೋಡಬ್ಯಾಡ. ಬ್ಯಾಡ ಅಂದ್ರೂ ನೋಡ್ತಿ.’

ಓದುವಾಗ ಯಾವಾಗ ಮಗ್ಗ ನಿಂತಿತೋ ಅವನಿಗೆ ತಿಳಿಯಲಿಲ್ಲ. ಮುಗಿಸಿ ನೋಡಿದರೆ ಜಾಫರಸಾಬ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಬಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನಾಗಿ ಹತ್ತಲಿಲ್ಲ ಅಂತಲ್ಲ, ಮೇಸ್ತ್ರಿ ಬಿಡಲಿಲ್ಲ, ಅದೊಂದು ಬರೆಯುವುದನ್ನು ಬಿಟ್ಟಿದ್ದಾಳೆ ಎಂದಳು. ಆಮೇಲೆ ಅವನ ಕೈಯಲ್ಲಿದ್ದ ಹಾಳೆಯತ್ತ ಬಗ್ಗಿ ನೋಡಿದಳು. ಓದು ಬಾರದವಳಿಗೂ ಕೆಂಪು ಗೆರೆ ಕಾಣುತ್ತಿತ್ತು, ಗೆರೆಯಿಲ್ಲದ ಸಾಲೇ ಇರಲಿಲ್ಲ.

“ಉಳಿದದ್ದೆಲ್ಲಾ ಬರೋಬ್ಬರಿ ಐತೆಲ್ರಿ ಸರ್. ತಪ್ಪು ಎಲ್ಲೈತಿ?”

ಕಲ್ಲೇಶ ಬಾಯಿ ತೆರೆದ. ಸಂಬೋಧನೆ ಎಂಬ ಮಾತು ನೆನಪಾಯಿತು, ಗ್ರಂಥಸ್ಥ ರೂಪ ಎಂಬ ಮಾತು ನೆನಪಾಯಿತು, ಮಾದರಿ ಉತ್ತರಕ್ಕೆ ಹೊಂದುವುದಿಲ್ಲ ಎಂಬುದು ನೆನಪಾಯಿತು. ಕನ್ನಡವನ್ನು ಕಲಿಸಿ ಸಂಬಳ ತಿನ್ನುವವನಿಗೆ, ಈ ಹೆಂಗಸಿಗೆ ತಿಳಿಯುವ ಕನ್ನಡದಲ್ಲಿ, ಆ ತಪ್ಪು ಯಾವುದು ಎಂದು ಹೇಳಲು ಬರಲಿಲ್ಲ. ಅವನಿಗೆ ಎಲ್ಲರ ಮೇಲೂ ಸಿಟ್ಟು ಬಂತು, ಗೆರೆ ಎಳೆದ ಕೈಯ ಮೇಲೆ, ಮೈಸೂರಿನಲ್ಲಿ ನಕ್ಕವರ ಮೇಲೆ, ಕೃಷ್ಣಾಜಿಯವರ ಒರೆಸಿದ ಕನ್ನಡಕದ ಮೇಲೆ, ಇಷ್ಟು ನೇರವಾಗಿ ಕೇಳುವ ಈ ಬಾಳಮ್ಮನ ಮೇಲೆ ಕೂಡ. ಆಗ ರಾಟೆ ನಿಂತಿತು. ಅವನು ಬಂದಾಗಿನಿಂದ ಭಾಗ್ಯಜ್ಯೋತಿ ಮೊದಲ ಸಲ ಮುಖ ಎತ್ತಿದಳು. ಅವಳು ಅತ್ತಿರಲಿಲ್ಲ. ಅವಳ ಮುಖದಲ್ಲಿ ಇದ್ದದ್ದು ಅವನಿಗೆ ಚೆನ್ನಾಗಿ ಪರಿಚಯದ್ದು. ಅದನ್ನು ಅವನು ಮೈಸೂರಿನಿಂದ ಬಂದಂದಿನಿಂದ ಕನ್ನಡಿಯಲ್ಲಿ ನೋಡುತ್ತ ಬಂದಿದ್ದ.

“ಸರ್, ಈ ಪೇಪರ್ ನಿಮ್ಮ ಕಡೆ ಬಂದಿದ್ರ ನೀವು ಎಷ್ಟು ಕೊಡ್ತಿದ್ರಿ?”

ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಐದು ಎಂದರೆ ಅವಳು ನಂಬಿಬಿಡುತ್ತಿದ್ದಳು. ನಂಬುವುದನ್ನು ಕಲಿಸಿದವನೂ ಅವನೇ. ಐದಕ್ಕೆ ಐದೂ ಕೊಡುತ್ತಿದ್ದೆ ಎಂದು ಹೇಳಿ, ಬೆನ್ನು ತಟ್ಟಿ, ಹೋಗಬಹುದಿತ್ತು. ಪೇಪರಿನವರು ಇದ್ದಿದ್ದರೆ ಹಾಗೆಯೇ ಹೇಳುತ್ತಿದ್ದ. ಇಲ್ಲಿ ಮುದುಕ ನೇಕಾರನೊಬ್ಬ, ನೂಲು, ಧೂಳು, ಇವಳ ಎರಡು ಕಣ್ಣು.

“ಸೊನ್ನಿ” ಅಂದ. ಆಮೇಲೆ, ಅಷ್ಟಕ್ಕೆ ನಿಲ್ಲಿಸಿದರೆ ಅದೂ ಒಂದು ಥರದ ಸುಳ್ಳೇ ಅನ್ನಿಸಿ, “ಕೊಡ್ತಿದ್ದೆ ಅಂತಲ್ಲ. ಕೊಟ್ಟೇನಿ. ನಿನ್ನಂಥ ಇನ್ನೊಬ್ಬರಿಗೆ” ಅಂದ.

ಅವಳು ಹೌದೇ ಎಂದು ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡಲು ಅವನು ಸಿದ್ಧನಾಗಿದ್ದ, ಮೈಸೂರು, ಅಳ್ಳಿ, ಚಹಾದ ಕಪ್ಪು, ಎಲ್ಲವನ್ನೂ. ಅವಳಿಗೆ ಅದು ಬೇಕಿರಲಿಲ್ಲ. ಅವಳು ಕೈಯ ನೂಲಿನ ತುದಿಯನ್ನು ಕಂಡಿಕೆಗೆ ಸಿಕ್ಕಿಸಿ ಪಕ್ಕಕ್ಕಿಟ್ಟಳು, ಎದ್ದು ಲಂಗಕ್ಕೆ ಕೈ ಒರೆಸಿಕೊಂಡಳು, ಅರ್ಜಿಗಾಗಿ ಕೈ ಚಾಚಿದಳು. ಸಹಿ ಮಾಡಿದಳು. ಅಕ್ಷರ ದುಂಡಗೆ, ನೆಟ್ಟಗೆ ಇತ್ತು. ಮಾಡಿ ಕೊಟ್ಟು, ಇನ್ನೂ ಕೈ ಚಾಚಿಯೇ ನಿಂತಳು. ಅವಳಿಗೆ ಏನು ಬೇಕು ಎಂದು ಅವನಿಗೆ ಒಂದು ಗಳಿಗೆ ತಿಳಿಯಲಿಲ್ಲ, ಅಥವಾ ತಿಳಿಯದವನ ಹಾಗೆ ನಿಂತ. ಆಮೇಲೆ ಚೀಲದ ಅಡಿಯಿಂದ ಟವೆಲು ತೆಗೆದು, ಬಿಚ್ಚಿ, ಆ ತೆಳ್ಳನೆಯ ಪಾಸಿಂಗ್ ಪ್ಯಾಕೇಜನ್ನು ಕೊಟ್ಟ. ಅವಳು ಅಲ್ಲೇ ನಿಂತು ಪುಟ ಮಗುಚಿದಳು, ಪತ್ರದ ಪುಟ ಸಿಕ್ಕಿತು, ತುಟಿ ಅಲ್ಲಾಡಿಸುತ್ತ ಓದಿಕೊಂಡಳು. ಕಲಿಯುವುದರಲ್ಲಿ ಅವಳು ಯಾವತ್ತೂ ಚುರುಕು.

ಬಾಳಮ್ಮ ಚಹಾ ಮಾಡುತ್ತೇನೆ ಎಂದು ಒಳಗೆ ಹೋದಳು. ಚಹಾ ಎಂಬ ಮಾತು ಕೇಳಿ ಅವನು ಚೀಲ ಎತ್ತಿಕೊಂಡ. ಬಸ್ಸು ತಪ್ಪುತ್ತದೆ ಎಂದು ಸುಳ್ಳು ಹೇಳಿ ಎದ್ದ. ಜಾಫರಸಾಬ ಮತ್ತೆ ಮಗ್ಗಕ್ಕೆ ಕೈ ಹಾಕಿದ, ಲಾಳಿ ಓಡಿತು. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದಾಗ ಭಾಗ್ಯಜ್ಯೋತಿ ಬಾಗಿಲಿಗೆ ಬಂದಳು. ಪುಸ್ತಕವನ್ನು ಎದೆಗೆ ಆನಿಸಿ ಹಿಡಿದಿದ್ದಳು. ಆತ್ರಿ ಎನ್ನುತ್ತಾಳೆ, ಅಥವಾ ಹೋಗ್ಬರ್ರಿ ಎನ್ನುತ್ತಾಳೆ, ಅಷ್ಟು ಅಂದರೆ ಸಾಕು, ಒಂದು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಅವನು ಕಾದ.

“ಹೋಗಿ ಬನ್ನಿ, ಗುರುಗಳೇ” ಎಂದಳು ಅವಳು. ಒಂದೊಂದು ಅಕ್ಷರವನ್ನೂ ಬಿಡಿಸಿ, ತೊಳೆದು ಇಟ್ಟ ಹಾಗೆ ಹೇಳಿದಳು. “ನೀವು ಚಿಂತಿಸಬೇಡಿ. ನಾನು ಈ ಬಾರಿ ಪರೀಕ್ಷೆಯನ್ನು ಚೆನ್ನಾಗಿ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ.”

ಅವಳ ಕಣ್ಣು ಅವನ ಮುಖವನ್ನು ಬಿಡಲಿಲ್ಲ. ಗೆರೆ ಎಳೆಯಲು ಅವಳ ಮಾತಿನಲ್ಲಿ ಒಂದು ಜಾಗವೂ ಇರಲಿಲ್ಲ. ಕಲ್ಲೇಶ ಅರ್ಜಿಯನ್ನು ಹಿಡಿದುಕೊಂಡು ಅಲ್ಲೇ ನಿಂತ. ಆ ದನಿ ಒಲೆಯ ತನಕ ಮುಟ್ಟಿರಬೇಕು. ಒಳಗಿನಿಂದ ಬಾಳಮ್ಮ, ಹೊರಗೆ ಯಾರು ಬಂದಾರ, ಎಂದು ಕೇಳಿದಳು.